ಮಿಲ್ಲಿನ ಸಂಗು, ಕೈಯೊಳಗಿನ ಫೋನು
(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಓದಿದ ಉಪನ್ಯಾಸ)



ಘಟ್ಟದ ಕೆಳಗೆ, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದಾಗ ನಾವು ಹಿಂಜರಿದೆವು. ಇಂತಹ ವೇದಿಕೆಯ ಮೇಲೆ ಸಾಧನೆಯ ಮಾತನ್ನಾಡುವುದು ರೂಢಿ. ನಮ್ಮ ಬಳಿ ಹೇಳಿಕೊಳ್ಳುವಂತಹ ಸಾಧನೆ ಹೆಚ್ಚಿಲ್ಲ. ಬಹುದಿನದಿಂದ ನಮ್ಮನ್ನು ಕಾಡುತ್ತಿರುವ ಒಂದು ಸಂಗತಿಯಿದೆ. ನಮ್ಮಲ್ಲೊಬ್ಬರು ಕೊಯಮತ್ತೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರವನ್ನು ಬೋಧಿಸುತ್ತಾರೆ. ಫೋನು, ಪರದೆ, ಗಣಕಯಂತ್ರಗಳು ದುಡಿಯುವ ಜಾಗಕ್ಕೆ ಬಂದ ಮೇಲೆ ಅಲ್ಲಿನ ಜನರ ಕೋಪ, ನಾಚಿಕೆ, ಸ್ನೇಹ, ಭಯಗಳು ಏನಾದವು ಎಂಬುದೇ ಅವರ ಅಧ್ಯಯನದ ವಿಷಯ. ಇನ್ನೊಬ್ಬರು ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಮೂರನೆಯವರು ಲೆಕ್ಕಪತ್ರ ನೋಡಿಕೊಳ್ಳುವವರು. ಮೂರು ಭಾನುವಾರ ಒಟ್ಟಿಗೆ ಕುಳಿತು ಇದನ್ನು ಬರೆದೆವು. ಆದ್ದರಿಂದ ಇಲ್ಲಿ ಬರುವ ‘ನಾವು’ ಗೌರವದ ಬಹುವಚನವಲ್ಲ, ನಿಜವಾದ ಬಹುವಚನ.

ಮೊದಲು ದಾರಿಯ ಮಾತು. ನೂರು ವರ್ಷಗಳ ಹಿಂದೆ ಈ ಶಾಲೆಯ ಬಾಗಿಲು ತೆರೆದಾಗ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿಯವರೆಗೆ ಜಿಲ್ಲೆಯ ಕಲೆಕ್ಟರರ ಕಚೇರಿ ದಿಂಬಂ ಘಟ್ಟದ 27 ತಿರುವುಗಳ ಆಚೆಗಿತ್ತು. ಗಡಿಯ ಗೆರೆ ಬದಲಾಯಿತು, ದುಡಿಮೆಯ ದಾರಿ ಬದಲಾಗಲಿಲ್ಲ. ಮಳೆ ಕೈಕೊಟ್ಟ ವರ್ಷ ಹಾಸನೂರು, ಸತ್ಯಮಂಗಲಗಳ ಮೂಲಕ ಕೆಳಗಿಳಿಯುವುದು ನಮ್ಮ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ನಾವೂ ಹಾಗೆಯೇ ಇಳಿದೆವು.

ನಾವು ಇಳಿದು ಹೋದ ಊರಿನಲ್ಲಿ ಯಂತ್ರ ಹೊಸದಲ್ಲ. ಕೊಯಮತ್ತೂರಿನಲ್ಲಿ ರಾಬರ್ಟ್ ಸ್ಟೇನ್ಸ್ ಅವರ ನೂಲಿನ ಗಿರಣಿ ಆರಂಭವಾದದ್ದು 1888ರಲ್ಲಿ. 1930ರ ದಶಕದ ಮೊದಲ ವರ್ಷಗಳಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಸಾಲುಸಾಲಾಗಿ ಎದ್ದವು. ಗಿರಣಿಯ ಸೈರನ್ನಿಗೆ ಅಲ್ಲಿನ ಜನ ‘ಸಂಗು’ ಎನ್ನುತ್ತಾರೆ, ಎಂದರೆ ಶಂಖ. ಗಿರಣಿಯಲ್ಲಿ ಆಯುಷ್ಯ ಕಳೆದ ಹಿರಿಯರೊಡನೆ ಕುಳಿತಾಗ ಅವರು ಮೊದಲು ನೆನೆಯುವುದು ಕೂಲಿಯನ್ನಲ್ಲ, ಈ ಸಂಗನ್ನು. ಪಾಳಿ ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ ಅದು ಕೂಗುತ್ತಿತ್ತು. ಕೂಗಿದ್ದು ಗಿರಣಿಯ ಗೋಡೆಯೊಳಗೆ ಮಾತ್ರವಲ್ಲ, ಊರಿಗೆಲ್ಲ ಕೇಳುತ್ತಿತ್ತು. ಹೆಂಡತಿ ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದಳು, ಮಕ್ಕಳು ಬೀದಿಯ ತುದಿಗೆ ಓಡುತ್ತಿದ್ದರು. ದುಡಿಯುವವನ ಹೊತ್ತು ಎಲ್ಲರಿಗೂ ಗೊತ್ತಿದ್ದ ಹೊತ್ತಾಗಿತ್ತು. ಅಪ್ಪ ಸಿಡುಕುತ್ತ ಮನೆಗೆ ಬಂದರೆ, ಇಂದು ಗಿರಣಿಯಲ್ಲಿ ಏನೋ ಆಗಿದೆ ಎಂದು ಮನೆಯವರು ಊಹಿಸಿಕೊಳ್ಳುತ್ತಿದ್ದರು.

ಈಗಿನ ಸಂಗು ಅಂಗಿಯ ಜೇಬಿನಲ್ಲಿ ನಡುಗುತ್ತದೆ. ಅದು ಒಬ್ಬನಿಗೆ ಮಾತ್ರ ಕೇಳುತ್ತದೆ. ಊಟದ ತಟ್ಟೆಯ ಮುಂದೆ ಕುಳಿತವನ ಮುಖ ಇದ್ದಕ್ಕಿದ್ದಂತೆ ಕಪ್ಪಿಟ್ಟರೆ ಎದುರು ಕುಳಿತ ಮಗಳಿಗೆ ಕಾರಣ ತಿಳಿಯದು. ತನ್ನದೇ ತಪ್ಪೆಂದು ಅವಳು ಭಾವಿಸುತ್ತಾಳೆ. ದುಡಿಮೆಯ ಜಾಗದಲ್ಲಿ ಡಿಜಿಟಲ್ ತಂತ್ರಜ್ಞಾನ ತಂದ ಬದಲಾವಣೆ ಯಾವುದೆಂದು ಕೇಳಿದವರಿಗೆ ನಮ್ಮ ಗೆಳೆಯರು ವೇಗವನ್ನೂ ಉತ್ಪಾದನೆಯನ್ನೂ ಹೇಳುವ ಮೊದಲು ಇದನ್ನು ಹೇಳುತ್ತಾರೆ. ಹೊತ್ತು ಗುಟ್ಟಾಯಿತು, ಅದರೊಡನೆ ಬೇಸರವೂ ಗುಟ್ಟಾಯಿತು.

ಇನ್ನು ತಿರುಪ್ಪೂರು. 2009ರವರೆಗೆ ಅದೂ ಕೊಯಮತ್ತೂರು ಜಿಲ್ಲೆಯ ಊರೇ. ಬನಿಯನ್ನು, ಟೀ-ಶರ್ಟು, ಮಕ್ಕಳ ಉಡುಪುಗಳನ್ನು ಹೊಲಿದು ಯೂರೋಪು ಅಮೆರಿಕಗಳಿಗೆ ಕಳುಹಿಸುವ ಊರು. ಶರದ್ ಚಾರಿ ಎಂಬ ವಿದ್ವಾಂಸರು ಈ ಊರಿನ ಬಗೆಗೆ ಬರೆದ ‘ಫ್ರಟರ್ನಲ್ ಕ್ಯಾಪಿಟಲ್’ ಎಂಬ ಪುಸ್ತಕ 2004ರಲ್ಲಿ ಬಂದಿತು. ಹೊಲ ಉಳುತ್ತಿದ್ದವರು ಇಲ್ಲಿ ಯಂತ್ರದ ಕೆಲಸಗಾರರಾಗಿ, ಅವರಲ್ಲಿ ಹಲವರು ಮುಂದೆ ಮಾಲೀಕರಾದ ಬಗೆಯನ್ನು ಅದು ವಿವರಿಸುತ್ತದೆ. ‘ನಾವು ಮೈಮುರಿದು ದುಡಿದು ಮೇಲೆ ಬಂದವರು’ ಎಂಬುದು ಆ ಮಾಲೀಕರ ಹೆಮ್ಮೆ. ಅಂತಹವರ ಬೆರಳುಗಳಿಗೆ ಬಟ್ಟೆ ಗೊತ್ತಿತ್ತು. ಹೊಲಿಯುವವನ ಪಕ್ಕದಲ್ಲಿ ನಿಂತು ಬೈಯುತ್ತಿದ್ದರು, ಅಲ್ಲಿಯೇ ನಿಂತು ಚಹಾ ಕುಡಿಯುತ್ತಿದ್ದರು. ಅದನ್ನೆಲ್ಲ ರಾಮರಾಜ್ಯವೆಂದು ಬಣ್ಣಿಸುವ ಆಸೆ ನಮಗಿಲ್ಲ. 1984ರಲ್ಲಿ ತುಟ್ಟಿಭತ್ಯೆಗಾಗಿ ಅಲ್ಲಿ ನೂರು ದಿನಗಳಿಗೂ ಮೀರಿ ಮುಷ್ಕರ ನಡೆಯಿತು. ಮುಖ ನೋಡಿ ಮಾತನಾಡುವವರೆಲ್ಲ ನ್ಯಾಯವಂತರೇ ಆಗಿರಬೇಕಿಲ್ಲ. ಆದರೆ ಜಗಳವಾಡಲು ಎದುರಿಗೆ ಒಂದು ಮುಖವಿತ್ತು.

ಹೊಲಿಗೆಯ ಸಾಲಿನಲ್ಲಿ ಹಿಂದೆ ಒಂದು ಕಪ್ಪು ಹಲಗೆ ಇರುತ್ತಿತ್ತು. ಗಂಟೆಗಿಷ್ಟು ತುಂಡು ಎಂದು ಮೇಲ್ವಿಚಾರಕರು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಸೀಮೆಸುಣ್ಣಕ್ಕೆ ಸ್ವಲ್ಪ ಕರುಣೆ ಇತ್ತು. ಒಬ್ಬಾಕೆಗೆ ಮೈ ಸರಿಯಿಲ್ಲದ ದಿನ ಪಕ್ಕದವಳು ಹತ್ತು ತುಂಡು ಹೆಚ್ಚಿಗೆ ಹೊಲಿದು ಸರಿದೂಗಿಸುವಳು. ಮೇಲ್ವಿಚಾರಕರು ಕಂಡೂ ಕಾಣದಂತೆ ಒಟ್ಟು ಲೆಕ್ಕವನ್ನು ಬರೆಯುವರು. ಈಗ ದೊಡ್ಡ ಕಾರ್ಖಾನೆಗಳಲ್ಲಿ ಬಟ್ಟೆಯ ಪ್ರತಿ ಕಟ್ಟಿಗೂ ಪಟ್ಟೆಗುರುತಿನ ಚೀಟಿ ಇರುತ್ತದೆ, ಯಂತ್ರದ ಪಕ್ಕದಲ್ಲಿ ಅದನ್ನು ಓದುವ ಸಾಧನವಿರುತ್ತದೆ. ಯಾರು ಯಾವ ನಿಮಿಷದಲ್ಲಿ ಎಷ್ಟು ಮುಗಿಸಿದರೆಂಬುದು ಕಚೇರಿಯ ಪರದೆಯ ಮೇಲೆ ಕಾಣುತ್ತದೆ. ಲೆಕ್ಕ ಕರಾರುವಾಕ್ಕಾಯಿತು, ಕೂಲಿಯ ಮೋಸ ಕಡಿಮೆಯಾಯಿತೆಂಬುದನ್ನೂ ನಾವು ಒಪ್ಪುತ್ತೇವೆ. ಆದರೆ ಆ ಹತ್ತು ತುಂಡುಗಳ ಉಪಕಾರಕ್ಕೆ ಯಂತ್ರದ ಲೆಕ್ಕದಲ್ಲಿ ಕಲಮು ಇಲ್ಲ.

ಇದು ತಿರುಪ್ಪೂರಿನ ಕಥೆ ಮಾತ್ರವಲ್ಲ. ಶೋಷಾನಾ ಝೂಬಾಫ್ ಎಂಬ ಅಮೆರಿಕದ ವಿದುಷಿ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಾಗದದ ತಿರುಳು ತಯಾರಿಸುವ ಗಿರಣಿಗಳ ಕೆಲಸಗಾರರ ಬಗೆಗೆ ಬರೆದಿದ್ದಾರೆ. ತಿರುಳನ್ನು ಕೈಯಲ್ಲಿ ಹಿಡಿದು, ಮೂಸಿ, ಅದರ ಹದವನ್ನು ಅರಿಯುತ್ತಿದ್ದವರನ್ನು ಗಾಜಿನ ಕೋಣೆಯೊಳಗೆ ಕೂರಿಸಿ ಪರದೆಯ ಅಂಕಿಗಳನ್ನು ನೋಡಲು ಹೇಳಲಾಯಿತು. ತಮ್ಮ ಅರಿವೇ ತಮ್ಮಿಂದ ದೂರವಾದ ಅನುಭವ ಅವರದಾಯಿತು. ಕಚೇರಿಯ ಗುಮಾಸ್ತೆಯರಿಗೆ ಗಣಕಯಂತ್ರ ಬರುವ ಮೊದಲಿನ ದಿನಗಳನ್ನೂ ಬಂದ ನಂತರದ ದಿನಗಳನ್ನೂ ಚಿತ್ರವಾಗಿ ಬರೆದು ಕೊಡಲು ಆಕೆ ಕೇಳಿದರಂತೆ. ನಂತರದ ಚಿತ್ರಗಳಲ್ಲಿ ಮಾತು ನಿಂತುಹೋದ, ಮೇಜಿಗೆ ಕಟ್ಟಿಹಾಕಿದಂತಿದ್ದ ಹೆಂಗಸರು ಕಂಡರು. ಇದಕ್ಕೂ ಮೊದಲು, 1983ರಲ್ಲಿ, ಆರ್ಲೀ ಹಾಕ್‌ಶೀಲ್ಡ್ ಎಂಬವರು ವಿಮಾನದ ಪರಿಚಾರಿಕೆಯರ ನಗುವಿನ ಬಗೆಗೆ ಬರೆದಿದ್ದರು. ನಗುವುದೂ ಅಲ್ಲಿ ಸಂಬಳದ ಕೆಲಸ. ಒಳಗೆ ಏನೇ ಇರಲಿ, ಮುಖದಲ್ಲಿ ಅದು ಇರಲೇಬೇಕು. ನಮ್ಮ ಗೆಳೆಯರು ಇದನ್ನು ಕನ್ನಡದಲ್ಲಿ ‘ಭಾವದುಡಿಮೆ’ ಎನ್ನುತ್ತಾರೆ.

ಆ ದುಡಿಮೆ ಈಗ ಹೆಬ್ಬೆರಳಿಗೆ ಬಂದಿದೆ. ಬೆಳಗ್ಗೆ ಆರಕ್ಕೆ ದೊಡ್ಡವರು ಗುಂಪಿನಲ್ಲಿ ಶುಭೋದಯದ ಹೂವು ಹಾಕುತ್ತಾರೆ. ಕೆಳಗಿನವರೆಲ್ಲ ಕೈಮುಗಿದ ಚಿತ್ರ ಹಾಕಬೇಕು. ಹಾಕದವರನ್ನು ಯಾರೂ ಏನೂ ಅನ್ನುವುದಿಲ್ಲ, ಆದರೆ ಹಾಕದವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. (ಈ ಸಭೆಯಲ್ಲಿರುವ ಶಿಕ್ಷಕರ ಮುಗುಳ್ನಗೆಯನ್ನು ನೋಡಿದರೆ ಈ ಕಷ್ಟ ಘಟ್ಟದ ಮೇಲೂ ಇರುವಂತಿದೆ.) ಗಣಕಯಂತ್ರದ ಕಂಪನಿಗಳ ಉದ್ಯೋಗಿಗಳ ಬಗೆಗೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದ ಕ್ಯಾರಲ್ ಉಪಾಧ್ಯ ಮತ್ತು ಎ. ಆರ್. ವಾಸವಿ ಅವರು 2008ರಲ್ಲಿ ಸಂಪಾದಿಸಿದ ಗ್ರಂಥವಿದೆ. ಆಸಕ್ತರು ಅದನ್ನು ಓದಬಹುದು. ನಾವು ಬನಿಯನ್ನಿನ ಲೋಕಕ್ಕೇ ಮರಳುತ್ತೇವೆ, ಏಕೆಂದರೆ ನಮ್ಮ ಶಾಲೆಯ ಮಕ್ಕಳು ಹೆಚ್ಚಾಗಿ ಹೋಗುವುದು ಅಲ್ಲಿಗೆ.

ಈಗ ಹೇಳುವ ಘಟನೆ ನಮ್ಮಲ್ಲಿ ಮೇಲ್ವಿಚಾರಕರಾಗಿರುವವರ ಕೈಯಿಂದಲೇ ಆದದ್ದು. ಅವರೇ ಇದನ್ನು ಹೇಳಬೇಕೆಂದರು, ತಮ್ಮ ಪಾಲಿನ ತಪ್ಪನ್ನು ಬಿಡದೆ ಬರೆಯಬೇಕೆಂದೂ ಹೇಳಿದರು.

ಯೂರೋಪಿನ ಕಚೇರಿಗಳಲ್ಲಿ ಸಂಜೆ ಐದೂವರೆಗೆ ಮೇಜು ಒರೆಸಿ ಏಳುವಾಗ ನಮ್ಮಲ್ಲಿ ಚಳಿಗಾಲವಾದರೆ ರಾತ್ರಿ ಹತ್ತು ಗಂಟೆ. ಮನೆಗೆ ಹೋಗುವ ಮುನ್ನ ಅವರು ಆ ದಿನದ ಬಾಕಿಯನ್ನೆಲ್ಲ ಕಳುಹಿಸಿ ಕೈತೊಳೆದುಕೊಳ್ಳುತ್ತಾರೆ. ಕೆಲಸದ ಹೊತ್ತು ಮುಗಿದ ಮೇಲೆ ಉದ್ಯೋಗಿಗೆ ಸಂದೇಶಗಳಿಂದ ಬಿಡುವು ಸಿಗಬೇಕೆಂದು ಫ್ರಾನ್ಸಿನಲ್ಲಿ 2017ರಿಂದ ಕಾನೂನಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಈ ಬಗೆಗೆ ಕಾರ್ಮಿಕರೊಡನೆ ಮಾತುಕತೆ ನಡೆಸಬೇಕು. ಒಳ್ಳೆಯ ಕಾನೂನು. ಆದರೆ ಅವರ ಸಂಜೆಯನ್ನು ಕಾಯುವ ಕಾನೂನು ನಮ್ಮ ರಾತ್ರಿಯನ್ನು ಕಾಯುವುದಿಲ್ಲ.

ಅಂತಹ ಒಂದು ರಾತ್ರಿ ಕೊಳ್ಳುವವರ ಕಡೆಯಿಂದ ಒಂದು ಚಿತ್ರ ಬಂತು: ಮಗುವಿನ ಬನಿಯನ್ನು, ಭುಜದ ಹೊಲಿಗೆಯಲ್ಲಿ ಎರಡು ಅಂಗುಲ ತಪ್ಪಿದ ನೂಲು. ಅದು ಕಚೇರಿಯಿಂದ ಕಚೇರಿಗೆ ದಾಟಿ ನಮ್ಮ ಗೆಳೆಯರ ಫೋನಿಗೆ ಬರುವಾಗ ಅದರ ಜೊತೆ ಮೂರು ಜನರ ಸಿಟ್ಟು ಸೇರಿತ್ತು. ‘ಯಾರ ಕೆಲಸ ಇದು, ಈಗಲೇ ಹೇಳಿ’ ಎಂಬುದು ಕೊನೆಯ ಸಾಲು. ಚೀಟಿಯ ಸಂಖ್ಯೆಯನ್ನು ನೋಡಿದರೆ ಯಂತ್ರ ಯಾರದೆಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಅವರು ಆ ಚಿತ್ರವನ್ನೂ ಯಂತ್ರದ ಸಂಖ್ಯೆಯನ್ನೂ ಸಾಲಿನ ಎಲ್ಲರೂ ಇರುವ ಗುಂಪಿಗೆ ಹಾಕಿ, ಕೆಳಗೆ ತಮಿಳಿನಲ್ಲಿ ಒಂದು ವಾಕ್ಯ ಬರೆದರು: ಇಂತಹ ಕೆಲಸ ಮಾಡುವವರು ನಾಳೆಯಿಂದ ಮನೆಯಲ್ಲಿಯೇ ಇರಬಹುದು. ಬರೆದು, ಫೋನನ್ನು ದಿಂಬಿನ ಕೆಳಗಿಟ್ಟು ಮಲಗಿದರು. ಗುಂಪಿನಲ್ಲಿ 140 ಜನರಿದ್ದರು.

ಆ ಯಂತ್ರದಲ್ಲಿ ಕೂರುತ್ತಿದ್ದ ಹುಡುಗಿ ನಮ್ಮ ಕಡೆಯವಳು, ಹನೂರಿನ ಆಚೆಯ ಊರಿನವಳು. ತಮಿಳು ಮಾತನಾಡುವಳು, ಓದಲು ಬಾರದು. ಚಿತ್ರದಲ್ಲಿದ್ದ ಸಂಖ್ಯೆ ತನ್ನದೆಂದು ಗೊತ್ತಾಯಿತು, ಕೆಳಗೆ ಬರೆದದ್ದೇನೆಂದು ಗೊತ್ತಾಗಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿದ್ದ ಇನ್ನೊಬ್ಬಾಕೆಯನ್ನು ಎಬ್ಬಿಸಿ ಓದಿಸಿದಳು. ತನಗಾದ ಅವಮಾನವನ್ನು ಮತ್ತೊಬ್ಬರ ಬಾಯಿಂದ ಕೇಳಿಸಿಕೊಳ್ಳಬೇಕಾಯಿತು. ಬೆಳಗ್ಗೆ ಸಾಲಿನಲ್ಲಿ ಆ ಯಂತ್ರ ಖಾಲಿ ಇತ್ತು. ಊಟದ ಹೊತ್ತಿಗೆ ಗೆಳೆಯರು ಹಾಸ್ಟೆಲಿಗೆ ಹೋಗಿ ವಿಚಾರಿಸಿದರು. ಆಕೆ ಮೊದಲ ಬಸ್ಸಿಗೇ ಸತ್ಯಮಂಗಲದ ಕಡೆ ಹೊರಟುಹೋಗಿದ್ದಳು.

‘ಅದೇ ತಪ್ಪನ್ನು ಅವಳ ಯಂತ್ರದ ಪಕ್ಕದಲ್ಲಿ ನಿಂತು ಕಂಡಿದ್ದರೆ ನಾನು ಏನೆನ್ನುತ್ತಿದ್ದೆ ಗೊತ್ತೆ?’ ಎಂದು ಅವರು ನಮ್ಮನ್ನು ಕೇಳಿದರು. ‘ಏನವ್ವಾ, ರಾತ್ರಿ ನಿದ್ದೆ ಮಾಡಿಲ್ಲವಾ, ಬಿಚ್ಚು ಇದನ್ನ, ಅಂತಿದ್ದೆ. ಅಷ್ಟೇ.’ ಅದೂ ಬೈಗುಳವೇ. ಆದರೆ ಆ ಬೈಗುಳದೊಳಗೆ ಅವ್ವಾ ಎಂಬ ಮಾತಿತ್ತು, ನಿದ್ದೆಯ ವಿಚಾರಣೆಯಿತ್ತು, ತಪ್ಪನ್ನು ಬಿಚ್ಚಿ ಸರಿಮಾಡಲು ಅವಕಾಶವಿತ್ತು. ಯಂತ್ರಗಳ ಸದ್ದಿನಲ್ಲಿ ಅದು ಮೂರನೆಯವರಿಗೆ ಕೇಳುತ್ತಲೂ ಇರಲಿಲ್ಲ. ಎದುರಿಗಿದ್ದವಳ ಕಣ್ಣು ತುಂಬಿದ್ದರೆ ಅವರ ದನಿ ತಾನಾಗಿ ತಗ್ಗುತ್ತಿತ್ತು. ಫೋನಿನಲ್ಲಿ ಕಣ್ಣು ಕಾಣಲಿಲ್ಲ, ಆದ್ದರಿಂದ ದನಿ ತಗ್ಗಲಿಲ್ಲ. ಮೇಲಿನವರ ಸಿಟ್ಟನ್ನು ಕೆಳಗಿನವರಿಗೆ ತಲುಪಿಸುವಾಗ ಅದನ್ನು ಸೋಸಿ ಇಳಿಸುವುದೇ ಮೇಲ್ವಿಚಾರಕರ ಕೆಲಸದ ಅರ್ಧ ಭಾಗ, ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಒಂದೇ ಒತ್ತಿಗೆ ಮುಂದಕ್ಕೆ ಕಳುಹಿಸುವ ಸೌಲಭ್ಯ ಆ ಸೋಸುವ ಬಟ್ಟೆಯನ್ನು ಕಿತ್ತುಕೊಂಡಿತು. ಹಾಗೆಂದು ತಪ್ಪನ್ನೆಲ್ಲ ಫೋನಿನ ಮೇಲೆ ಹೊರಿಸಲು ಅವರು ಒಪ್ಪುವುದಿಲ್ಲ. ಬೆಳಗಾಗುವವರೆಗೆ ಕಾಯುವುದು ಅವರ ಕೈಯಲ್ಲಿತ್ತು.

ಇಷ್ಟು ಕೇಳಿದ ಮೇಲೆ ಫೋನನ್ನು ಶಪಿಸುವುದು ಸುಲಭ. ನಾವು ಶಪಿಸುವುದಿಲ್ಲ. ‘ಸುಮಂಗಲಿ’ ಎಂಬ ಮಂಗಳಕರ ಹೆಸರಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನು ಮೂರು ವರ್ಷದ ಕರಾರಿನ ಮೇಲೆ ನೂಲಿನ ಗಿರಣಿಗಳಿಗೆ ಕರೆದೊಯ್ದ ಕಾಲವೊಂದಿತ್ತು. ಅವರ ಹಾಸ್ಟೆಲುಗಳಲ್ಲಿ ಫೋನು ಇಟ್ಟುಕೊಳ್ಳುವುದನ್ನೂ ಮನೆಯವರೊಡನೆ ಮಾತನಾಡುವುದನ್ನೂ ಹೇಗೆ ಹತ್ತಿಕ್ಕಲಾಗಿತ್ತೆಂಬುದು ಹಲವು ವರದಿಗಳಲ್ಲಿ ದಾಖಲಾಗಿದೆ. ಜೇಬಿನಲ್ಲೊಂದು ಫೋನು ಇರುವ ಹುಡುಗಿಯನ್ನು ಕೂಡಿಹಾಕುವುದು ಅಷ್ಟು ಸುಲಭವಲ್ಲ. ಒಡಿಶಾ, ಬಿಹಾರಗಳಿಂದ ಬಂದ ಹುಡುಗರು ರಾತ್ರಿ ಊಟ ಮಾಡುವಾಗ ಫೋನನ್ನು ಗೋಡೆಗೆ ಒರಗಿಸಿಟ್ಟು, ಊರಿನಲ್ಲಿ ಊಟಕ್ಕೆ ಕುಳಿತ ತಾಯಿಯ ಎದುರಿಗೆ ಉಣ್ಣುತ್ತಾರೆ. 2020ರ ಮಾರ್ಚಿನಲ್ಲಿ ಎಲ್ಲವೂ ಮುಚ್ಚಿದಾಗ ಅವರಿಗೆ ಉಳಿದದ್ದು ಅದೊಂದೇ ಕಿಟಕಿ.

ಭಾಷೆಯ ಮಾತನ್ನೂ ಇಲ್ಲಿ ಹೇಳಬೇಕು. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ಆಡುವುದು ಕನ್ನಡ, ಬರೆಯುವುದು ತಮಿಳು. ಸಿರುಮುಗೈಯಂತಹ ರೇಷ್ಮೆಯ ಊರಿನಲ್ಲಿ ಮಗ್ಗದ ಮುಂದೆ ಕುಳಿತವರ ಮಾತು ಕೇಳಿದರೆ ನಮ್ಮೂರಿನ ಹಿರಿಯರನ್ನೇ ಕೇಳಿದಂತಾಗುತ್ತದೆ. ಕನ್ನಡದ ಅಕ್ಷರ ತೋರಿಸಿದರೆ ನಕ್ಕು ತಲೆಯಾಡಿಸುತ್ತಾರೆ. ಅಂತಹ ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಫೋನುಗಳನ್ನು ಅವರ ಅನುಮತಿಯಿಂದ ನೋಡಿದೆವು. ಸೀರೆಯ ಬಣ್ಣ, ಅಳತೆ, ಬೆಲೆಗಳೆಲ್ಲ ತಮಿಳಿನ ಬರಹದಲ್ಲಿ; ಮುನಿಸು, ತಮಾಷೆ, ತಾಯಿಯ ಕಾಯಿಲೆಯ ಸುದ್ದಿಗಳೆಲ್ಲ ಕನ್ನಡದ ಧ್ವನಿಸಂದೇಶದಲ್ಲಿ. ಯಾರೂ ಹೀಗೆ ಮಾಡಿರೆಂದು ಅವರಿಗೆ ಹೇಳಿಕೊಟ್ಟಿರಲಿಲ್ಲ. ಬರಹಕ್ಕೆ ಒಗ್ಗದ ಭಾವ ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿತ್ತು. ನಮ್ಮ ಅಧ್ಯಾಪಕ ಗೆಳೆಯರು ಆ ದಿನ ಮನೆಗೆ ಮರಳುವಾಗ ಬಸ್ಸಿನಲ್ಲಿ ಏನೂ ಮಾತನಾಡಲಿಲ್ಲ. ಅಷ್ಟು ವರ್ಷ ಪುಸ್ತಕದಲ್ಲಿ ಹುಡುಕಿದ್ದನ್ನು ನೇಕಾರನೊಬ್ಬ ಹೆಬ್ಬೆರಳಿನಲ್ಲಿ ತೋರಿಸಿದ್ದನೆಂದು ಆಮೇಲೆ ಹೇಳಿದರು.

ನಮಗಾದರೋ ಎರಡೂ ಇವೆ, ದನಿಯೂ ಅಕ್ಷರವೂ. ಈ ಶಾಲೆ ಕೊಟ್ಟದ್ದು. ಆದರೂ ಘಟ್ಟ ಇಳಿದ ಮೇಲೆ ನಾವು ಕನ್ನಡದಲ್ಲಿ ಒಂದು ಸಾಲನ್ನು ಬರೆಯದೆ ಎಷ್ಟೋ ವರ್ಷ ಕಳೆದೆವು. ಹುಡುಗಿ ಹೊರಟುಹೋದ ದಿನ ರಾತ್ರಿ ನಮ್ಮ ಗೆಳೆಯರು ಕ್ಷಮೆ ಕೇಳಲು ಕುಳಿತರು. ಮೊದಲು ತಮಿಳಿನಲ್ಲಿ ಬರೆದರು, ಅವಳಿಗೆ ಮತ್ತೆ ಯಾರಾದರೂ ಓದಿ ಹೇಳಬೇಕಾದೀತೆಂದು ಅಳಿಸಿದರು. ಫೋನಿನಲ್ಲಿ ಕನ್ನಡದ ಕೀಲಿಮಣೆ ಇರಲಿಲ್ಲ. ಅದನ್ನು ಹಾಕಿಕೊಂಡು, ಒತ್ತಕ್ಷರ ಸಿಗದೆ ತಡಕಾಡಿ, ನಾಲ್ಕು ಸಾಲು ಬರೆಯಲು ಒಂದು ಗಂಟೆ ಹಿಡಿಯಿತು. ‘ತಪ್ಪು ನಿನ್ನದು ಸಣ್ಣದು, ನನ್ನದು ದೊಡ್ಡದು’ ಎಂಬುದು ಅದರಲ್ಲಿ ಒಂದು ಸಾಲು. ಕಳುಹಿಸಿದ ಸ್ವಲ್ಪ ಹೊತ್ತಿಗೆ ಓದಿದ ಗುರುತಿನ ಎರಡು ನೀಲಿ ಗೆರೆಗಳು ಮೂಡಿದವು. ಉತ್ತರ ಬರಲಿಲ್ಲ. ಮುಖಾಮುಖಿಯಾಗಿದ್ದರೆ ಮೌನಕ್ಕೂ ಒಂದು ಅರ್ಥ ಹೊಳೆಯುತ್ತಿತ್ತು. ಆ ನೀಲಿ ಗೆರೆಗಳನ್ನು ಓದುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ಆ ಬಳಿಕ ಅವರ ಸಾಲಿನಲ್ಲಿ ಒಂದು ಪದ್ಧತಿ ಬಂದಿದೆ. ಎಣಿಕೆ, ಅಳತೆ, ಸಮಯ ಫೋನಿನಲ್ಲಿ. ತಪ್ಪಿನ ಮಾತು ಬೆಳಗ್ಗೆ, ಯಂತ್ರದ ಪಕ್ಕದಲ್ಲಿ. ಕಚೇರಿಯ ಒಪ್ಪಿಗೆ ಪಡೆದ ನಿಯಮವೇನಲ್ಲ ಅದು, ಒಬ್ಬರ ಹಟ. ರಾತ್ರಿ ಹತ್ತಕ್ಕೆ ‘ಈಗಲೇ ಹೇಳಿ’ ಎಂದು ಕೇಳಿದವರಿಗೆ ಬೆಳಗ್ಗೆ ಎಂಟಕ್ಕೆ ಹೇಳುವುದರಿಂದ ಎರಡು ಸಲ ಮಾತು ಕೇಳಬೇಕಾಗಿಯೂ ಬಂದಿದೆ.

ಹನ್ನೊಂದನೆಯ ದಿನ ಆ ಹುಡುಗಿಯಿಂದ ಒಂದು ಸಂದೇಶ ಬಂತು. ಕ್ಷಮೆಯ ಮಾತಿಗೆ ಅದರಲ್ಲಿ ಉತ್ತರವಿರಲಿಲ್ಲ. ಶುದ್ಧವಾದ ಕನ್ನಡ ಅಕ್ಷರದಲ್ಲಿ, ಒಂದೂ ಕಾಗುಣಿತದ ತಪ್ಪಿಲ್ಲದೆ, ಭವಿಷ್ಯನಿಧಿಯ ಖಾತೆಯಲ್ಲಿ ತನ್ನ ಹೆಸರು ತಪ್ಪಾಗಿದೆ, ಸರಿ ಮಾಡಿಸಿಕೊಡಿ ಎಂದಷ್ಟೇ ಇತ್ತು. ಕಾರ್ಖಾನೆಯ ದಾಖಲೆಯಲ್ಲಿ ಅಲ್ಲಿನ ವಾಡಿಕೆಯಂತೆ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬಂದಿತ್ತು, ಆಧಾರ್ ಚೀಟಿಯಲ್ಲಿ ತಂದೆಯ ಹೆಸರು ಪೂರ್ತಿಯಾಗಿ ಹಿಂದೆ ಇತ್ತು. ಗಣಕಯಂತ್ರಕ್ಕೆ ಇವರಿಬ್ಬರೂ ಬೇರೆಬೇರೆ. ಆಗ ಕೆಲಸಗಾರರೂ ಮಾಲೀಕರೂ ಇಬ್ಬರೂ ಸಹಿ ಮಾಡಿದ ಅರ್ಜಿ ಹೋಗಬೇಕಿತ್ತು. ನಮ್ಮಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು ಅರ್ಜಿ ಸಿದ್ಧಪಡಿಸಿದರು, ಮೇಲ್ವಿಚಾರಕರು ಕಚೇರಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಸಹಿ ತಂದರು. ಎರಡು ತಿಂಗಳು ಹಿಡಿಯಿತು.

ಕೆಲಸ ಮುಗಿದ ದಿನ ಆಕೆ ಧ್ವನಿಸಂದೇಶ ಕಳುಹಿಸಿದಳು. ‘ಹೆಸರು ಸರಿಯಾಗಿದೆ ಸಾರ್’ ಎಂದಿಷ್ಟೇ. ಹಿಂದೆ ಹೊಲಿಗೆ ಯಂತ್ರಗಳ ಸದ್ದು ಕೇಳಿಸುತ್ತಿತ್ತು, ಒಂದಲ್ಲ, ಹಲವು. ಎಲ್ಲಿ ಕೆಲಸಕ್ಕಿದ್ದೀಯೆಂದು ನಮ್ಮ ಗೆಳೆಯರು ಕೇಳಲಿಲ್ಲ. ಆ ಸಂದೇಶವನ್ನು ಅವರು ಅಳಿಸದೆ ಇಟ್ಟುಕೊಂಡಿದ್ದಾರೆ. ಇದನ್ನು ಬರೆಯುವಾಗ ಮೂರನೆಯ ಭಾನುವಾರ ನಮಗೂ ಒಮ್ಮೆ ಕೇಳಿಸಿದರು.